ಕಡಲಾಚೆಯ ಮದುವೆಗೆ ಹೊರಡುವವರಿಗೆ

ಮದುವೆಯ ಕರೆಯೋಲೆ ಬಂದರೆ ಮುಧೋಳ, ಜಮಖಂಡಿಗಳ ಕಡೆಯ ನಾವು ಕೇಳುತ್ತಿದ್ದ ಪ್ರಶ್ನೆಗಳು ಎರಡೇ: ಅಕ್ಕಿಕಾಳು ಎಷ್ಟು ಗಂಟೆಗೆ? ಗಾಡಿ ಎಲ್ಲಿಂದ ಹೊರಡುತ್ತದೆ? ಬೀಗರ ಊರು ಬೀಳಗಿಯೇ ಇರಲಿ, ಸಾಂಗಲಿಯೇ ಇರಲಿ, ಇಳಿದುಕೊಳ್ಳಲು ಒಂದು ಬಿಡಾರ, ಉಣ್ಣಲು ಒಂದು ಪಂಕ್ತಿ ಸಿದ್ಧವಾಗಿರುತ್ತಿತ್ತು. ಕಬ್ಬಿನ ಹೊಲಗಳ ನಡುವಣ ನಮ್ಮ ತಿಮ್ಮಾಪುರಕ್ಕೂ ಈಗ ದುಬೈ, ಸಿಂಗಪುರಗಳಿಂದ ಕರೆಯೋಲೆಗಳು ಬರತೊಡಗಿವೆ. ಮಕ್ಕಳು ದುಡಿಯಲು ಹೋದ ಊರಿನಲ್ಲಿಯೇ ಮದುವೆಯನ್ನು ಗೊತ್ತು ಮಾಡುತ್ತಾರೆ. ಹೋಗಬೇಕಾದವರು ಮಾತ್ರ ಹಳ್ಳಿಯಲ್ಲಿರುವ ನಾವು. ಅಂತಹ ಪ್ರಯಾಣದಲ್ಲಿ ಏನೇನು ನೋಡಿಕೊಳ್ಳಬೇಕೆಂಬುದನ್ನು, ಒಮ್ಮೆ ಎಡವಿ ಕಲಿತವನಾಗಿ, ನಿಮಗೆ ಹೇಳಬೇಕೆಂದಿದ್ದೇನೆ.

2024ರ ಜನವರಿಯಲ್ಲಿ ನನ್ನ ತಂಗಿಯ ಮಗಳ ಮದುವೆ ದುಬೈಯಲ್ಲಿ ನಡೆಯಿತು. ಹೊರಡತಕ್ಕವರು ಹನ್ನೊಂದು ಮಂದಿ. ಅವರಲ್ಲಿ ಹಿರಿಯಳು ನಮ್ಮ ದೊಡ್ಡವ್ವ. ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವಳ ಆಧಾರ್ ಚೀಟಿಯಲ್ಲಿ ಇದ್ದದ್ದು ಒಂದೇ ಹೆಸರು, ಅಡ್ಡಹೆಸರು ಇರಲಿಲ್ಲ. ಪಾಸ್‌ಪೋರ್ಟನ್ನೂ ಹಾಗೆಯೇ ಮಾಡಿಸಿದೆವು. ಅರ್ಜಿ ತುಂಬಿದವನು ನಾನೇ. ವೀಸಾಕ್ಕೆ ಕಳಿಸಿದಾಗ ಹತ್ತು ಜನರದು ಬಂದಿತು, ಅವಳದು ಬರಲಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳವರು ಪ್ರವಾಸಿಗಳಾಗಿ ಬರುವಂತಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿಯೇ ನಿಯಮ ಮಾಡಿತ್ತು. ನಾವು ಅದನ್ನು ತಿಳಿದುಕೊಂಡಿರಲಿಲ್ಲ. ತಿದ್ದಿಸಲು ದಿನಗಳು ಉಳಿದಿರಲಿಲ್ಲ.

ಆದುದರಿಂದ ಮೊದಲನೆಯ ಮಾತು ಹೆಸರಿನದು. ಪಾಸ್‌ಪೋರ್ಟ್ ಎಂದರೆ ಹಿಂದಿನವರು ರಹದಾರಿ ಎನ್ನುತ್ತಿದ್ದ ಪತ್ರವೇ. ಅದರಲ್ಲಿ ಬರೆದ ಹೆಸರೇ ನೀವು. ನಮ್ಮ ಕಡೆಯ ಹಿರಿಯರಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ, ದಾಖಲೆಗಳಲ್ಲಿ ಒಂಟಿ ಹೆಸರುಳ್ಳವರು ಬಹಳ. ಮೊದಲು ಆಧಾರಿನಲ್ಲಿ ಅಡ್ಡಹೆಸರನ್ನು ಸೇರಿಸಿ, ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿರಿ. ಈ ನಿಯಮಕ್ಕೆ ಕೆಲವು ವಿನಾಯಿತಿಗಳಿದ್ದರೂ ಅವನ್ನೇ ನಂಬಿ ಕೂಡಬೇಡಿರಿ. ವಿಮಾನದ ಚೀಟಿಯಲ್ಲಿಯೂ ಪಾಸ್‌ಪೋರ್ಟಿನಲ್ಲಿದ್ದ ಅಕ್ಷರಗಳೇ ಇರಬೇಕು.

ಎರಡನೆಯದು ಕಾಲದ ಮಾತು. ನಮ್ಮ ಭಾಗದವರಿಗೆ ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ವಯಸ್ಕರಿಗೆ 36 ಪುಟಗಳ ಪಾಸ್‌ಪೋರ್ಟಿನ ಸಾಮಾನ್ಯ ಶುಲ್ಕ 1,500 ರೂಪಾಯಿ. ಅದು ಹತ್ತು ವರ್ಷ ನಡೆಯುತ್ತದೆ. ಪೊಲೀಸರ ವಿಚಾರಣೆಯೂ ಆಗಬೇಕಾದುದರಿಂದ, ನಿಶ್ಚಯ ಕಾರ್ಯ ಮುಗಿದ ವಾರದಲ್ಲಿಯೇ ಈ ಕೆಲಸಕ್ಕೆ ಕೈಹಾಕುವುದು ಲೇಸು. ಹಳೆಯ ಪಾಸ್‌ಪೋರ್ಟ್ ಇದ್ದವರು ಅದರ ಅವಧಿಯನ್ನು ನೋಡಿಕೊಳ್ಳಬೇಕು. ಒಳಗೆ ಬರುವ ದಿನಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ವೀಸಾ ಎಂಬುದು ಬೇರೆ. ಅದು ಹೋಗುವ ದೇಶ ಕೊಡುವ ಪರವಾನಗಿ. ಒಂದೊಂದು ದೇಶದ ನಿಯಮ ಒಂದೊಂದು ಬಗೆ. ನೆರೆಯ ನೇಪಾಳಕ್ಕೆ ನಮಗೆ ವೀಸಾ ಬೇಡ; ಚುನಾವಣಾ ಗುರುತಿನ ಚೀಟಿಯೂ ನಡೆಯುತ್ತದೆ. ದುಬೈಗಾದರೆ ನಮ್ಮಂಥವರು ಮೊದಲೇ ವೀಸಾ ಪಡೆದಿರಬೇಕು.

ಮೂರನೆಯದು ಗಂಟಿನ ಮಾತು. ಮದುವೆಯೆಂದರೆ ಉಡಿ ತುಂಬುವುದುಂಟು. ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ ಬೇಕಲ್ಲವೇ? ಇವನ್ನೆಲ್ಲ ಮನೆಯಿಂದ ಕಟ್ಟಿಕೊಂಡು ಹೊರಟರೆ ದಾರಿಯಲ್ಲಿ ತೊಂದರೆ ತಪ್ಪದು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದೆಂದು ವಿಮಾನದಲ್ಲಿ ಬಿಡುವುದಿಲ್ಲ. ಕರ್ಪೂರಕ್ಕೂ ಬೆಂಕಿಪೊಟ್ಟಣಗಳ ಗಂಟಿಗೂ ಅದೇ ಗತಿ. ವೀಳ್ಯದೆಲೆ ಅರಬ್ ಸಂಸ್ಥಾನದಲ್ಲಿ ನಿಷಿದ್ಧ ವಸ್ತು. ಗಸಗಸೆಯಂತೂ ಅಲ್ಲಿ ಅಫೀಮಿನ ಸಂಬಂಧದಿಂದ ಅಪರಾಧವೇ ಆಗುತ್ತದೆ. ಅದನ್ನು ಉದುರಿಸಿದ ಕರಜಿಕಾಯಿ, ಉಂಡೆಗಳನ್ನು ಕೂಡ ಒಯ್ಯಬೇಡಿರಿ. ನಮ್ಮ ಗಂಟಿನೊಳಗಿನ ಕೊಬ್ಬರಿ ಬಟ್ಟಲುಗಳು ಬೆಂಗಳೂರಿನಲ್ಲಿಯೇ ಉಳಿದವು. ದುಬೈಯ ಕರಾಮಾ ಪೇಟೆಯಲ್ಲಿ ನಮ್ಮವರ ಅಂಗಡಿಗಳಿವೆ. ತೆಂಗಿನಕಾಯಿ, ಅರಿಷಿಣ, ಅಕ್ಕಿ ಎಲ್ಲವೂ ಅಲ್ಲಿ ದೊರೆತವು. ಕಡಕ್ ರೊಟ್ಟಿ, ಶೇಂಗಾ ಹಿಂಡಿಗಳನ್ನು ಚೆನ್ನಾಗಿ ಕಟ್ಟಿ ದೊಡ್ಡ ಪೆಟ್ಟಿಗೆಯಲ್ಲಿಡಬಹುದು. ಉಪ್ಪಿನಕಾಯಿ, ತುಪ್ಪಗಳು ಕೈಚೀಲದಲ್ಲಿ ಬೇಡ.

ಔಷಧಿಯ ವಿಷಯದಲ್ಲಿ ಎಚ್ಚರ ಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಗುಳಿಗೆಗಳನ್ನು ಅವುಗಳ ಪಟ್ಟಿಯಿಂದ ಬಿಡಿಸದೆ, ವೈದ್ಯರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಿರಿ. ಟ್ರಾಮಡಾಲ್, ಕೊಡೀನ್ ಸೇರಿದ ನೋವಿನ ಗುಳಿಗೆ, ಕೆಮ್ಮಿನ ಔಷಧಗಳಿಗೆ ಅರಬ್ ಸಂಸ್ಥಾನದಲ್ಲಿ ಮುಂಚಿತವಾಗಿ ಅನುಮತಿ ಬೇಕಾಗುತ್ತದೆ. ನೆರೆಮನೆಯವರು ಕೊಟ್ಟ ಗುಳಿಗೆಯನ್ನು ಹೆಸರು ನೋಡದೆ ಇಟ್ಟುಕೊಳ್ಳಬೇಡಿರಿ.

ಒಡವೆಯ ಮಾತು ಹೆಂಗಸರಿಗೆ ಮುಖ್ಯ. ಮೈಮೇಲಿನ ಬಂಗಾರ ನಮ್ಮದೇ ಆದರೂ ಮರಳಿ ಬರುವಾಗ ಹೊರಗೆ ಕೊಂಡದ್ದೆಂದು ಸಂದೇಹ ಬರಬಹುದು. ಹೊರಡುವಾಗಲೇ ವಿಮಾನ ನಿಲ್ದಾಣದ ಸುಂಕದ ಅಧಿಕಾರಿಗಳಿಗೆ ತೋರಿಸಿ ಪ್ರಮಾಣಪತ್ರ ಪಡೆದರೆ ಆ ತಕರಾರಿಲ್ಲ. ಆಹೇರಿಗೆಂದು ನಗದು ಒಯ್ಯುವವರು ನೆನಪಿಡಬೇಕು: ನಮ್ಮ ರೂಪಾಯಿ ನೋಟುಗಳನ್ನು ತಲೆಗೆ 25,000ಕ್ಕಿಂತ ಹೆಚ್ಚು ಹೊರಗೆ ಒಯ್ಯುವಂತಿಲ್ಲ. ಆಹೇರಿಗೆ ಇಲಕಲ್ ಸೀರೆ, ಗುಳೇದಗುಡ್ಡದ ಖಣಗಳು ಹಗುರ; ಹಿತ್ತಾಳೆಯ ಪಾತ್ರೆಗಳಲ್ಲ.

ಇನ್ನು ವಸತಿ. ಬೀಡು, ಬಿಡಾರ, ಬಿಡದಿ ಎಂಬ ಶಬ್ದಗಳ ಹಿಂದೆ 'ಬಿಡು' ಎಂಬ ಧಾತುವಿದೆ. ಹೊರೆಯನ್ನು ಬಿಟ್ಟು ದಣಿವಾರಿಸಿಕೊಳ್ಳುವ ತಾಣವದು. ಹೊಟೇಲಿನ ಕೋಣೆ ಬಿಡದಿಯ ಮನೆಯಂತಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹೋದರೆ ಬಾಗಿಲು ತೆರೆಯುವುದಿಲ್ಲ. ಸಾಮಾನ್ಯವಾಗಿ ಮಧ್ಯಾಹ್ನ ಎರಡು ಅಥವಾ ಮೂರು ಗಂಟೆಯ ಮೇಲೆ ಕೋಣೆ ಕೊಡುತ್ತಾರೆ, ಬಿಡುವ ದಿನ ಹನ್ನೆರಡರೊಳಗೆ ತೆರವು ಮಾಡಿಸುತ್ತಾರೆ. ಬೆಳಗಿನ ಜಾವ ಇಳಿಯುವವರು ಇದನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಕೋಣೆಯ ಖರ್ಚು ಯಾರದು, ಎಷ್ಟು ದಿನಗಳದು ಎಂಬುದನ್ನು ಬೀಗರೊಡನೆ ಸಂಕೋಚವಿಲ್ಲದೆ ಮಾತಾಡಿರಿ. ಆಗ ಆಡದೆ ಉಳಿದ ಮಾತು ಮುಂದೆ ಮನಸ್ತಾಪವಾದೀತು. ಹಿರಿಯರ ಕೋಣೆ ಒಬ್ಬರಾದರೂ ಕಿರಿಯರ ಕೋಣೆಗೆ ತಗುಲಿಕೊಂಡಿರಲಿ. ಹೊಟೇಲಿನ ವಿಳಾಸ ಬರೆದ ಚೀಟಿ ಪ್ರತಿಯೊಬ್ಬರ ಕಿಸೆಯಲ್ಲಿ ಇರಲಿ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ; ಮುಹೂರ್ತದ ವೇಳೆ ಯಾವ ಗಡಿಯಾರದ್ದೆಂದು ಕೇಳಿಕೊಳ್ಳಿರಿ.

ತಿಮ್ಮಾಪುರದವರು ಬಾಗಲಕೋಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಬಹುದು. ಬೆಳಗಾವಿಯ ಮಾರ್ಗವಾಗಿ ಗೋವೆಗೂ ಹೋಗಬಹುದು. ಯಾವ ದಾರಿಯಾದರೂ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ರೈಲು ತಡವಾದೀತೆಂದು ಒಂದು ದಿನವನ್ನು ಕೈಯಲ್ಲಿಟ್ಟುಕೊಂಡು ಹೊರಡುವುದು ಬುದ್ಧಿವಂತಿಕೆ.

ನಾವು ಹೊರಟ ದಿನ ದೊಡ್ಡವ್ವ ಬಾಗಿಲಲ್ಲಿ ನಿಂತು, ಅರಿಷಿಣ ಹಚ್ಚಿದ ಅಕ್ಕಿಯನ್ನು ಸಣ್ಣ ಗಂಟು ಕಟ್ಟಿ ಕೊಟ್ಟು, "ನನ್ನ ಪಾಲಿನ ಅಕ್ಕಿಕಾಳು ನೀನs ಹಾಕಪಾ ತಮ್ಮಾ" ಎಂದಳು. ಹಾಕಿದೆನು. ಹುಡುಗಿ ಕೇಳಿದ್ದು ಮಾತ್ರ ಅಕ್ಕಿಯನ್ನಲ್ಲ, ಅವಳನ್ನು. ಅರ್ಜಿಯಲ್ಲಿ ನಾನು ಒಂದು ಪದ ಬರೆಯದೆ ಬಿಟ್ಟದ್ದರಿಂದ ಅದು ಹಾಗಾಯಿತು. ನಿಮ್ಮ ಮನೆಯ ಹಿರಿಯರ ಪಾಸ್‌ಪೋರ್ಟನ್ನು ಇಂದೇ ತೆರೆದು, ಹೆಸರಿನ ಸಾಲನ್ನೊಮ್ಮೆ ಓದಿರಿ.