ಗುಡ್ಡ ಹತ್ತಿಸೋ ಮುಂಚೆ ಪ್ಲಗ್ ನೋಡಿ

ಡಿಸೆಂಬರ್ ಹತ್ತಿರ ಬಂತು ಅಂದ್ರೆ ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳಲ್ಲಿ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಲಿವಾದ ತಲ್ ಮುರೈಬ್ ಮರಳುಗುಡ್ಡ ಹತ್ತಿಸೋಕೆ ನಿಸ್ಸಾನ್ ಪ್ಯಾಟ್ರೋಲ್‌ಗಳು ಸಾಲುಗಟ್ಟಿ ಬರುತ್ತವೆ. ಒಳಗಿರೋದು ಟಿಬಿ48 ಇಂಜಿನ್: 4.8 ಲೀಟರ್, ಒಂದೇ ಸಾಲಲ್ಲಿ ಆರು ಸಿಲಿಂಡರ್. ದೊಡ್ಡ ಟರ್ಬೋ ಕೂರಿಸಿ 1000 ಅಶ್ವಶಕ್ತಿ ದಾಟಿಸುವವರಿದ್ದಾರೆ. ಅಷ್ಟೆಲ್ಲ ದುಡ್ಡು ಸುರಿದ ಮೇಲೂ ಆರು ಪ್ಲಗ್ ಸರಿ ಇಲ್ಲದಿದ್ದರೆ ಎಲ್ಲ ಮಣ್ಣುಪಾಲು.

ಎರಡು ಸೀಸನ್ ಹಿಂದೆ ನಮ್ಮ ಕೈಯಿಂದಲೇ ಹಾಗಾಯ್ತು. ಯಾವಾಗಲೂ ಹಾಕುವ ಪ್ಲಗ್ ಅಂಗಡಿಯಲ್ಲಿ ಮುಗಿದಿತ್ತು. ಬೇರೆ ಕಂಪನಿಯದು ತಂದೆವು. ನಂಬರ್ ದೊಡ್ಡದಿದ್ದರೆ ಪ್ಲಗ್ ತಣ್ಣಗಿರುತ್ತೆ ಅಂತ ನಮ್ಮ ಲೆಕ್ಕ. ಮೂರನೇ ಓಟಕ್ಕೆ ಪಿಸ್ಟನ್ ತೂತು. ರಿಪೇರಿ ಖರ್ಚಿನ ಒಂದು ಪಾಲನ್ನು ಅರ್ಬಾಬ್ ನಮ್ಮಲ್ಲಿ ಇಬ್ಬರ ಸಂಬಳದಿಂದ ಮೂರು ತಿಂಗಳು ಹಿಡಿದರು. ಮನೆಗೆ ಕಳಿಸೋ ದುಡ್ಡು ಯಾಕೆ ಕಡಿಮೆ ಅಂತ ಅಮ್ಮ ಫೋನಲ್ಲಿ ಕೇಳಿದರೆ ಪ್ಲಗ್ ಕಥೆ ಹೇಗೆ ಹೇಳೋದು?

ತಪ್ಪಾದದ್ದು ಇಲ್ಲಿ. ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ನಂಬರ್ ಹೆಚ್ಚಿದಷ್ಟೂ ಪ್ಲಗ್ ತಣ್ಣಗೆ. ಬಾಷ್, ಚಾಂಪಿಯನ್‌ನಲ್ಲಿ ಪೂರಾ ಉಲ್ಟಾ, ನಂಬರ್ ಹೆಚ್ಚಿದಷ್ಟೂ ಬಿಸಿ. ಡೆನ್ಸೊ ಮತ್ತು ಎನ್‌ಜಿಕೆ ನಂಬರ್‌ಗಳೂ ಒಂದೇ ಅಳತೆಯವಲ್ಲ. ಕಂಪನಿ ಬದಲಾಯಿಸಿದರೆ ಹೋಲಿಕೆ ಪಟ್ಟಿ ನೋಡದೆ ಪ್ಲಗ್ ಮುಟ್ಟಬೇಡಿ.

ಬಿಸಿ, ತಣ್ಣಗೆ ಅಂದ್ರೆ ಕಿಡಿಯ ಬಿಸಿ ಅಲ್ಲ. ಒಳಗಿನ ಬಿಳಿ ಪಿಂಗಾಣಿ ಮೂಗು ಉದ್ದ ಇದ್ದರೆ ಶಾಖ ಹೆಡ್‌ಗೆ ಇಳಿಯೋಕೆ ಹೊತ್ತು ಬೇಕು, ತುದಿ ಬಿಸಿಯಾಗಿಯೇ ಉಳಿಯುತ್ತೆ. ಗಿಡ್ಡ ಇದ್ದರೆ ಬೇಗ ತಣಿಯುತ್ತೆ. ತುದಿ ಸುಮಾರು 500 ಡಿಗ್ರಿಗಿಂತ ಕೆಳಗಿದ್ದರೆ ಮಸಿ ಸುಟ್ಟುಹೋಗೋದಿಲ್ಲ, ಮಿಸ್ ಹೊಡೆಯುತ್ತೆ. 850 ದಾಟಿದರೆ ಕಿಡಿ ಬರುವ ಮೊದಲೇ ಪೆಟ್ರೋಲು ಹೊತ್ತಿಕೊಳ್ಳುತ್ತೆ. ನಮ್ಮ ಪಿಸ್ಟನ್ ಹೋದದ್ದು ಹೀಗೆ.

75ರಿಂದ 100 ಅಶ್ವಶಕ್ತಿ ಹೆಚ್ಚಿಸಿದರೆ ಒಂದು ಹಂತ ತಣ್ಣಗಿನ ಪ್ಲಗ್ ಅಂತ ಒಂದು ಮಾತಿದೆ. ಶುರು ಮಾಡೋಕೆ ಸರಿ, ಆದರೆ ಕಣ್ಣುಮುಚ್ಚಿ ಅದೇ ಲೆಕ್ಕದಲ್ಲಿ ಏಳೆಂಟು ಹಂತ ಹೋಗೋದಲ್ಲ. ಅನುಮಾನ ಇದ್ದರೆ ತಣ್ಣಗಿನದ್ದೇ ಹಾಕಿ. ಮಸಿ ಹಿಡಿದರೆ ಪ್ಲಗ್ ಹೋಗುತ್ತೆ, ಅಷ್ಟೇ. ಬಿಸಿ ಹೆಚ್ಚಾದರೆ ಇಂಜಿನ್ನೇ ಹೋಗುತ್ತೆ.

ಇನ್ನು ಗ್ಯಾಪ್. ಟರ್ಬೋ ಒತ್ತಿದ ಗಾಳಿಯಲ್ಲಿ ಕಿಡಿ ಹಾರೋದು ಕಷ್ಟ. ಮಾಮೂಲಿ ಗಾಡಿಯಲ್ಲಿ 1 ಮಿ.ಮೀ. ಆಸುಪಾಸು ಇರೋದನ್ನ ನಾವು 0.6, 0.7ಕ್ಕೆ ಇಳಿಸ್ತೇವೆ. ಊರಲ್ಲಿ ಆರ್‌ಎಕ್ಸ್ 100 ಪ್ಲಗ್ ಬಿಚ್ಚಿ, ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಕಲ್ಲಿಗೆ ಕುಟ್ಟಿ ಗ್ಯಾಪ್ ಮಾಡಿದ ಕೈ ನಮ್ಮದು. ಇರಿಡಿಯಂ ಪ್ಲಗ್‌ಗೆ ಆ ಆಟ ಬೇಡ. ಅದರ ನಡುವಿನ ಕಡ್ಡಿ ತುಂಬಾ ತೆಳು, ಮುರಿದು ಸಿಲಿಂಡರ್ ಒಳಗೆ ಬೀಳುತ್ತೆ. ನಾವಂತೂ ರೇಸಿಗೆ ಸಾದಾ ಪ್ಲಗ್ ಹಾಕಿ ಆಗಾಗ ಬದಲಾಯಿಸೋದೇ ಮೇಲು ಅಂತೇವೆ. ಇಸಿಯು ಇರುವ ಗಾಡಿಗೆ ರೆಸಿಸ್ಟರ್ ಪ್ಲಗ್ಗೇ ಆಗಬೇಕು. ಎನ್‌ಜಿಕೆ ಕೋಡ್‌ನಲ್ಲಿ ಆರ್ ಅಕ್ಷರ ಇದೆಯಾ ನೋಡಿಕೊಳ್ಳಿ. ಥ್ರೆಡ್ಡಿನ ಉದ್ದವೂ ಹಳೆಯದರಷ್ಟೇ ಇರಲಿ. ಹೆಚ್ಚಾದರೆ ಪಿಸ್ಟನ್ನಿಗೆ ತಾಗುತ್ತೆ.

ಗುಡ್ಡ ಹತ್ತಿದ ಮೇಲೆ ಡ್ರೈವರ್‌ಗೆ ಒಂದು ಮಾತು ಹೇಳಿರಬೇಕು: ಫುಲ್ ರೇಸ್‌ನಲ್ಲೇ ಇಂಜಿನ್ ಆಫ್ ಮಾಡಿ, ಐಡಲ್‌ನಲ್ಲಿ ವಾಪಸ್ ತರಬೇಡಿ ಅಂತ. ಐಡಲ್ ಓಡಿಸಿದರೆ ಮಸಿ ಕೂತು ಪ್ಲಗ್ ಸುಳ್ಳು ಹೇಳುತ್ತೆ. ಬಿಚ್ಚಿದಾಗ ಪಿಂಗಾಣಿ ತಿಳಿ ಕಂದು ಇದ್ದರೆ ನೆಮ್ಮದಿ. ಸುಣ್ಣದ ಹಾಗೆ ಬೆಳ್ಳಗೆ, ಮೇಲೆ ಸಣ್ಣ ಅಲ್ಯುಮಿನಿಯಂ ಚುಕ್ಕಿ ಕಂಡರೆ ಇನ್ನೊಂದು ಓಟ ಬೇಡ, ಯಾರು ಎಷ್ಟೇ ಕೂಗಾಡಲಿ.

ಈಗ ನಾವು ಬಿಚ್ಚಿದ ಪ್ಲಗ್‌ಗಳನ್ನ ಖಾಲಿ ಮೊಟ್ಟೆ ಟ್ರೇಯಲ್ಲಿ ಒಂದರಿಂದ ಆರರವರೆಗೆ ಸಾಲಾಗಿ ಇಡ್ತೇವೆ. ಹೊಸ ಡಬ್ಬಿಯ ಕೋಡ್ ಕಾಣುವಂತೆ ಫೋಟೋ ತೆಗೆದು, ಹಾಕೋ ಮುಂಚೆಯೇ ಅರ್ಬಾಬ್ ಮೊಬೈಲಿಗೆ ಕಳಿಸ್ತೇವೆ. ಅವರಿಂದ ಓಕೆ ಬರೋವರೆಗೆ ಸ್ಪಾನರ್ ಎತ್ತೋದಿಲ್ಲ.