ರಾಜಕೀಯ ನಿಮಗೆಷ್ಟು ಮುಖ್ಯ?

ಬದುಕಿನಲ್ಲಿ ರಾಜಕೀಯ ಎಷ್ಟು ಮುಖ್ಯ? ವಿಶ್ವ ಮೌಲ್ಯ ಸಮೀಕ್ಷೆ ಹತ್ತಾರು ದೇಶಗಳಲ್ಲಿ ಕೇಳುವ ಪ್ರಶ್ನೆ ಇದು. ಉತ್ತರ ನಾಲ್ಕೇ: ತುಂಬಾ ಮುಖ್ಯ, ಸಾಕಷ್ಟು ಮುಖ್ಯ, ಅಷ್ಟೇನೂ ಮುಖ್ಯವಲ್ಲ, ಮುಖ್ಯವೇ ಅಲ್ಲ.

"ರಾಜಕೀಯ ನಮಗ್ಯಾಕ್ರಿ?" ಅಂತೀರಾ? ಹಾಗಾದ್ರೆ ಜಹೀರಾಬಾದಿಗೆ ಬನ್ನಿ.

1956ರ ನವೆಂಬರ್ 1. ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ, ಕಲಬುರಗಿ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ತೆಲಂಗಾಣ. ಹೊಲ ಅದೇ, ತೊಗರಿ ಅದೇ. ರಾಜ್ಯ ಮಾತ್ರ ಬೇರೆ.

ಈಗ ಬಸ್ ಹತ್ತೋಣ. ಜಹೀರಾಬಾದಿನ ಹೆಣ್ಣುಮಗಳು ಬೀದರಿನ ತವರಿಗೆ ಹೊರಟಿದ್ದಾಳೆ. ತೆಲಂಗಾಣದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅಲ್ಲಿನ ಹೆಣ್ಣುಮಕ್ಕಳಿಗೆ ಗಡಿಯವರೆಗೆ ಉಚಿತ. ಗಡಿ ದಾಟಿದರೆ ಟಿಕೆಟ್. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಕರ್ನಾಟಕದ ಶಕ್ತಿ ಯೋಜನೆಯೂ ಅವಳಿಗಿಲ್ಲ. ಅದು ಕರ್ನಾಟಕದ ನಿವಾಸಿಗಳಿಗೆ.

ಅವಳ ಕೈಯಲ್ಲಿರುವ ಆ ಟಿಕೆಟ್ಟೇ ರಾಜಕೀಯದ ಅಳತೆಗೋಲು.

ಇವತ್ತು ನೀವು ಹತ್ತಿದ ಬಸ್ಸು, ತೋರಿಸಿದ ಕಾರ್ಡು, ಓದಿದ ಬೋರ್ಡು ಎಣಿಸಿ. ಆಮೇಲೆ ನಾಲ್ಕರಲ್ಲಿ ಒಂದು ಉತ್ತರ ಆರಿಸಿ.