ನಿರಾಶ್ರಿತೆಯ ದಿನಚರಿ: ಆನ್ ಫ್ರಾಂಕ್ ಬರಹದ ಮರುಓದು ಮತ್ತು ಕರ್ನಾಟಕದ ಕೆಲವು ಸಂದರ್ಭಗಳು

ನಾಜಿ ಹಿಂಸೆಗೆ ಗುರಿಯಾದ ಯಹೂದಿ ಬಾಲಕ ಬಾಲಕಿಯರು ಬರೆದಿಟ್ಟ ದಿನಚರಿಗಳಲ್ಲಿ ಆನ್ ಫ್ರಾಂಕಳ ದಿನಚರಿಯಷ್ಟು ವ್ಯಾಪಕವಾಗಿ ಓದಿಸಿಕೊಂಡದ್ದು ಮತ್ತೊಂದಿಲ್ಲ. ಕನ್ನಡ ಓದುಗರಿಗೂ ಅದು ಅಪರಿಚಿತವಲ್ಲ. ಆದರೆ ಅದನ್ನು ಅಡಗಿ ಕುಳಿತ ಹುಡುಗಿಯೊಬ್ಬಳ ಕಥೆಯೆಂದು ಮಾತ್ರ ಓದುವ ರೂಢಿ ಬಲವಾಗಿ ಬೇರೂರಿದೆ. ಅಡಗುತಾಣವನ್ನು ಸೇರುವುದಕ್ಕೆ ಒಂಬತ್ತು ವರ್ಷ ಮೊದಲೇ ಆ ಕುಟುಂಬ ಹುಟ್ಟಿದ ನೆಲವನ್ನು ಬಿಟ್ಟು ಪರದೇಶದಲ್ಲಿ ನೆಲೆ ಅರಸಿತ್ತೆಂಬ ಸಂಗತಿ ಸಾಮಾನ್ಯವಾಗಿ ಪೀಠಿಕೆಯ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಈ ದಿನಚರಿ ಮೂಲತಃ ನಿರಾಶ್ರಿತೆಯ ದಾಖಲೆ. ಪ್ರಾಣ ಉಳಿಸಬಹುದಾಗಿದ್ದ ಯಾವ ಪಟ್ಟಿಯಲ್ಲಿಯೂ ಅವಳ ಹೆಸರಿಗೆ ಸ್ಥಳ ದೊರೆಯಲಿಲ್ಲ. ಪ್ರಾಣ ತೆಗೆಯುವ ಪಟ್ಟಿಯಲ್ಲಿ ಮಾತ್ರ ಅದು ತಪ್ಪದೆ ಸೇರಿತು. ಈ ಎರಡು ಬಗೆಯ ಪಟ್ಟಿಗಳ ನಡುವಿನ ಅವಧಿಯಲ್ಲಿ ದಿನಚರಿ ಹುಟ್ಟಿತೆಂಬುದನ್ನು ಮರೆತರೆ ಅದರ ಅರ್ಥ ಅರ್ಧಕ್ಕೆ ಇಳಿಯುತ್ತದೆ.

ಆನ್ ಹುಟ್ಟಿದ್ದು 1929ರ ಜೂನ್ 12ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಬಳಿಕ ತಂದೆ ಆಟೊ ಫ್ರಾಂಕ್ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ವ್ಯಾಪಾರ ಆರಂಭಿಸಿದರು. ತಾಯಿ ಎಡಿತ್, ಅಕ್ಕ ಮಾರ್ಗೊಟ್ ಅವರನ್ನು ಹಿಂಬಾಲಿಸಿದರು. ಆನ್ 1934ರ ಫೆಬ್ರುವರಿಯಲ್ಲಿ ಬಂದು ಸೇರಿಕೊಂಡಳು. ಮುಂದೆ ಅಡಗುತಾಣದಲ್ಲಿ ಜೊತೆಯಾಗಿ ಬದುಕಿದ ಎಂಟು ಮಂದಿಯೂ ಜರ್ಮನಿಯಲ್ಲಿಯೇ ಹುಟ್ಟಿದವರು, ಅಲ್ಲಿಂದಲೇ ಓಡಿಬಂದವರು. ಡಚ್ ಮನೆಯೊಂದರ ಕಥೆಯೆಂದು ಜಗತ್ತು ಓದಿದ್ದು ವಾಸ್ತವವಾಗಿ ಜರ್ಮನ್ ನಿರಾಶ್ರಿತರ ಮನೆಯ ಕಥೆ.

ಆಟೊ ಫ್ರಾಂಕ್ ಕೈಕಟ್ಟಿ ಕುಳಿತವರಲ್ಲ. 1938ರಲ್ಲಿ ರಾಟರ್‌ಡ್ಯಾಮಿನಲ್ಲಿದ್ದ ಅಮೆರಿಕದ ಕಾನ್ಸಲ್ ಕಚೇರಿಗೆ ವೀಸಾ ಕೋರಿ ಅರ್ಜಿ ಸಲ್ಲಿಸಿದ್ದರು. 1940ರ ಮೇ ತಿಂಗಳಿನಲ್ಲಿ ಜರ್ಮನಿ ಆ ನಗರದ ಮೇಲೆ ಬಾಂಬು ಸುರಿದಾಗ ಅಲ್ಲಿನ ಕಾಗದಪತ್ರಗಳು ನಾಶವಾದವು. 1941ರ ಏಪ್ರಿಲ್‌ನಲ್ಲಿ ಅಮೆರಿಕದ ಹಳೆಯ ಗೆಳೆಯ ನೇಥನ್ ಸ್ಟ್ರಾಸ್ ಅವರಿಗೆ ಪತ್ರ ಬರೆದು ಮತ್ತೆ ಪ್ರಯತ್ನಿಸಿದರು. ಅದೇ ಬೇಸಿಗೆಯಲ್ಲಿ ಜರ್ಮನಿಯ ಹಿಡಿತದಲ್ಲಿದ್ದ ದೇಶಗಳ ಅಮೆರಿಕನ್ ಕಾನ್ಸಲ್ ಕಚೇರಿಗಳು ಮುಚ್ಚಿದವು. ಕೊನೆಗೆ ಡಿಸೆಂಬರ್ 1ರಂದು ಆಟೊ ಒಬ್ಬರ ಹೆಸರಿಗೆ ಕ್ಯೂಬಾದ ವೀಸಾ ಮಂಜೂರಾಯಿತು. ಹತ್ತು ದಿನಗಳಲ್ಲಿ ಜರ್ಮನಿ ಅಮೆರಿಕದ ಮೇಲೆ ಯುದ್ಧ ಸಾರಿದ್ದರಿಂದ ಅದೂ ರದ್ದಾಯಿತು. ಈ ಪತ್ರವ್ಯವಹಾರ ನ್ಯೂಯಾರ್ಕಿನ ಯಿವೊ ಸಂಸ್ಥೆಯ ಮೂಲಕ 2007ರಲ್ಲಿ ಬೆಳಕಿಗೆ ಬಂತು. ಇದರ ನಡುವೆ, 1941ರ ನವೆಂಬರ್ 25ರ ಕಾಯಿದೆಯೊಂದು ಹೊರದೇಶಗಳಲ್ಲಿ ನೆಲೆಸಿದ್ದ ಜರ್ಮನ್ ಯಹೂದಿಗಳ ರಾಷ್ಟ್ರೀಯತೆಯನ್ನು ಕಿತ್ತುಕೊಂಡಿತ್ತು. ದಿನಚರಿಯ ಮೊದಲ ಪುಟ ಬರೆಯುವಾಗ ಆನ್ ಯಾವ ದೇಶಕ್ಕೂ ಸೇರಿದವಳಾಗಿರಲಿಲ್ಲ.

ಇದೇ ವರ್ಷಗಳಲ್ಲಿ ಕರ್ನಾಟಕದ ನೆಲದಲ್ಲಿ ಇಬ್ಬರು ನಿರಾಶ್ರಿತರಿಗೆ ಬಾಗಿಲು ತೆರೆದದ್ದನ್ನು ಇಲ್ಲಿ ನೆನೆಯಬೇಕು. ಗಟಿಂಗೆನ್ ವಿಶ್ವವಿದ್ಯಾನಿಲಯದಿಂದ 1933ರಲ್ಲಿ ಹೊರಹಾಕಲ್ಪಟ್ಟ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದರು. ಅವರನ್ನು ಕಾಯಂ ಆಗಿ ಉಳಿಸಿಕೊಳ್ಳುವ ರಾಮನ್ ಅವರ ಯತ್ನ ಫಲಿಸಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೊಗೆ ತೆರಳಿದರು. ಅವರ ಸೋದರಳಿಯ, ಬರ್ಲಿನ್ನಿನ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್, ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಅವರು ಮುಂದೆ ಭುವನೇಶ್ವರ ನಗರದ ಯೋಜನೆಯನ್ನೂ ರೂಪಿಸಿದರು. ಇವರಿಗೆ ಬಾಗಿಲು ತೆರೆದದ್ದು ವಿದ್ಯೆ, ಮತ್ತು ಅದನ್ನು ಗುರುತಿಸಿದ ಸಂಸ್ಥೆ. ಬ್ರಿಟಿಷ್ ಭಾರತಕ್ಕೆ ಬರುವ ನಿರಾಶ್ರಿತನಿಗೆ ಉದ್ಯೋಗ ಅಥವಾ ಜೀವನಾಧಾರದ ಖಾತರಿ ಬೇಕಿತ್ತು. 1934ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಯಹೂದಿ ಪರಿಹಾರ ಸಂಘ ಅನೇಕರಿಗೆ ಅಂಥ ಖಾತರಿ ಒದಗಿಸಿತು. ಹಾಗೆ ಬಂದವರಲ್ಲಿಯೂ ಹಲವರನ್ನು ಯುದ್ಧ ಆರಂಭವಾದೊಡನೆ, ಜರ್ಮನ್ ಪ್ರಜೆಗಳೆಂಬ ಕಾರಣಕ್ಕೆ, ಶತ್ರುದೇಶದವರೊಂದಿಗೆ ಬಂಧನ ಶಿಬಿರಕ್ಕೆ ಕಳುಹಿಸಿ ವಿಚಾರಣೆಯ ನಂತರ ಬಿಡಲಾಯಿತು. ಹಿಟ್ಲರನಿಂದ ಓಡಿಬಂದವನು ಹಿಟ್ಲರನ ಪ್ರಜೆಯೆಂದು ಸೆರೆಯಾದದ್ದು ಕಾಗದಪತ್ರಗಳ ಕ್ರೂರ ವಿನೋದ. ಹದಿಮೂರು ವರ್ಷದ ಹುಡುಗಿಗೆ ಉದ್ಯೋಗವೂ ಇಲ್ಲ, ಖಾತರಿಯೂ ಇಲ್ಲ.

ಬೆಂಗಳೂರು ಮೈಸೂರು ಸಂಸ್ಥಾನದಲ್ಲಿದ್ದರೆ, ಬಳ್ಳಾರಿ, ಸಿರುಗುಪ್ಪ, ಕುರುಗೋಡು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವು. ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಈ ಸೀಮೆಗೆ ಆ ಕಾಲದ ಜಗತ್ತು ತಲುಪಿದ್ದು ಮುಖ್ಯವಾಗಿ ಸೆರೆಮನೆಯ ಮೂಲಕ. ಮೊದಲ ಮಹಾಯುದ್ಧದ ತುರ್ಕಿ ಸೆರೆಯಾಳುಗಳನ್ನು ಬಳ್ಳಾರಿಯಲ್ಲಿ ಇರಿಸಲಾಗಿತ್ತು. 1921ರ ನವೆಂಬರ್‌ನಲ್ಲಿ ಮಲಬಾರಿನ ತಿರೂರಿನಿಂದ ಮುಚ್ಚಿದ ರೈಲು ಡಬ್ಬಿಯಲ್ಲಿ ತುಂಬಿ ಕಳುಹಿಸಿದ ಕೈದಿಗಳಲ್ಲಿ ಸುಮಾರು 70 ಮಂದಿ ಉಸಿರುಗಟ್ಟಿ ಸತ್ತರು; ಅವರನ್ನು ಒಯ್ಯುತ್ತಿದ್ದದ್ದು ಬಳ್ಳಾರಿಯ ಸೆರೆಮನೆಗೆ. ಹಿಂದಿ ವಿರೋಧಿ ಚಳವಳಿಯಲ್ಲಿ ಶಿಕ್ಷೆಗೊಳಗಾದ ಪೆರಿಯಾರ್ ರಾಮಸ್ವಾಮಿ ನಾಯ್ಕರ್ 1939ರಲ್ಲಿ ಇಲ್ಲಿ ಸೆರೆಯಲ್ಲಿದ್ದರು. ಇವುಗಳನ್ನು ನಾಜಿ ಹತ್ಯಾಕಾಂಡದೊಡನೆ ಸಮೀಕರಿಸುವುದು ತಪ್ಪಾಗುತ್ತದೆ. ಆದರೆ ವ್ಯತ್ಯಾಸವನ್ನು ತಿಳಿಯಲು ಇವು ನೆರವಾಗುತ್ತವೆ. ಬಳ್ಳಾರಿಯ ಕೈದಿಯ ಹೆಸರು ಸೆರೆಮನೆಯ ದಾಖಲೆಯಲ್ಲಿರುತ್ತಿತ್ತು. ಅವನ ಮೇಲಿನ ಆರೋಪ, ಶಿಕ್ಷೆಯ ಅವಧಿ ಅಲ್ಲಿ ಬರೆದಿರುತ್ತಿತ್ತು. ತಿರೂರಿನ ದುರಂತದ ಬಗೆಗೆ ಬ್ರಿಟಿಷ್ ಸರ್ಕಾರವೂ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಆನ್ ಬದುಕಿದ ಹಿಂಬದಿಯ ಮನೆಯಲ್ಲಿ ಇದೆಲ್ಲ ತಲೆಕೆಳಗು. ಅಪರಾಧವಿಲ್ಲ, ಅವಧಿಯಿಲ್ಲ, ಹೆಸರು ಯಾವ ದಾಖಲೆಯಲ್ಲಿಯೂ ಕಾಣಿಸದಿರುವುದೇ ಬದುಕುವ ದಾರಿ. 1941ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸಿನ ಯಹೂದಿಗಳೆಲ್ಲರೂ ಹೆಸರು ನೋಂದಾಯಿಸಬೇಕೆಂಬ ಆಜ್ಞೆ ಹೊರಟಿತ್ತು. 1942ರ ಜುಲೈ 5ರಂದು ಮಾರ್ಗೊಟ್‌ಳ ಹೆಸರಿಗೆ ಕರೆಯೋಲೆ ಬಂದದ್ದು ಆ ನೋಂದಣಿಯ ಫಲವೇ. ಮರುದಿನವೇ ಕುಟುಂಬ ಪ್ರಿನ್ಸೆನ್‌ಗ್ರಾಖ್ಟ್ 263ರ ಹಿಂಬದಿಗೆ ಸೇರಿತು. ಅಲ್ಲಿಂದ ಮುಂದಿನ ಎರಡು ವರ್ಷ, ಆ ಎಂಟು ಜನ ಒಟ್ಟಿಗೆ ಬದುಕಿದ್ದರೆಂಬುದಕ್ಕೆ ದಾಖಲೆಯೆಂದರೆ ಈ ದಿನಚರಿ.

ದಿನಚರಿಯ ಭಾಷೆಯೂ ನಿರಾಶ್ರಿತೆಯ ಆಯ್ಕೆಯೇ. ಆನ್‌ಳ ಮನೆಮಾತು ಜರ್ಮನ್. ಬರೆದದ್ದು ಡಚ್‌ನಲ್ಲಿ, ಶಾಲೆಯಲ್ಲಿ ಕಲಿತ ಆಶ್ರಯದಾತ ನಾಡಿನ ನುಡಿಯಲ್ಲಿ. ಯುದ್ಧ ಮುಗಿದ ಮೇಲೆ ಡಚ್ ಪ್ರಜೆಯಾಗಬೇಕೆಂಬ ಹಂಬಲವನ್ನು 1944ರ ಏಪ್ರಿಲ್ ತಿಂಗಳ ಬರಹದಲ್ಲಿ ಅವಳು ತೋಡಿಕೊಂಡಿದ್ದಾಳೆ. ಅದೇ ಮೇ ತಿಂಗಳಲ್ಲಿ, ಡಚ್ಚರಲ್ಲಿಯೂ ಯಹೂದಿದ್ವೇಷ ಬೆಳೆಯುತ್ತಿದೆಯೆಂದು, ಜರ್ಮನಿಯಿಂದ ಬಂದ ಯಹೂದಿಗಳನ್ನು ಯುದ್ಧಾನಂತರ ಹಿಂದಕ್ಕೆ ಕಳುಹಿಸಬಹುದೆಂದು ಕೇಳಿ ನೊಂದುಕೊಂಡಿದ್ದಾಳೆ. ಅಡಗುತಾಣದ ಜಗಳ, ಪ್ರೀತಿಗಳಿಗೆ ಸಿಕ್ಕಿರುವ ಗಮನ ಈ ಪುಟಗಳಿಗೆ ಸಿಕ್ಕಿಲ್ಲ.

ಗ್ರಂಥಸಂಪಾದನೆಯ ಅಭ್ಯಾಸಿಗಳಿಗೆ ಈ ಕೃತಿ ಮತ್ತೊಂದು ಕಾರಣಕ್ಕೂ ಮಹತ್ವದ್ದು. ಪಾಠಾಂತರಗಳ ಸಮಸ್ಯೆ ಹಳಗನ್ನಡ ಕಾವ್ಯಗಳಿಗೆ ಸೀಮಿತವೆಂದು ತಿಳಿದವರು ಇಪ್ಪತ್ತನೆಯ ಶತಮಾನದ ಈ ಬರಹದ ಚರಿತ್ರೆಯನ್ನು ನೋಡಬೇಕು. 1944ರ ಮಾರ್ಚ್ 28ರಂದು, ಲಂಡನ್ನಿನಲ್ಲಿದ್ದ ಡಚ್ ಸರ್ಕಾರದ ಶಿಕ್ಷಣ ಮಂತ್ರಿ ಗೆರಿಟ್ ಬೋಲ್ಕೆಸ್ಟೈನ್ ಬಾನುಲಿಯಲ್ಲಿ ಮಾತನಾಡಿ, ಯುದ್ಧಕಾಲದ ಸಾಮಾನ್ಯರ ದಿನಚರಿ, ಪತ್ರಗಳನ್ನು ಮುಂದೆ ಸಂಗ್ರಹಿಸಲಾಗುವುದೆಂದು ಹೇಳಿದರು. ಅದನ್ನು ಕೇಳಿದ ಆನ್ ಮೇ 20ರಿಂದ ತನ್ನ ದಿನಚರಿಯನ್ನು ಬಿಡಿ ಹಾಳೆಗಳ ಮೇಲೆ ಹೊಸದಾಗಿ ಬರೆಯತೊಡಗಿದಳು. ಮೊದಲ ಬರಹದಲ್ಲಿ ಹಲವು ಕಲ್ಪಿತ ಗೆಳತಿಯರಿಗೆ ಸಂದ ಓಲೆಗಳು ಇಲ್ಲಿ ಕಿಟ್ಟಿ ಎಂಬ ಒಬ್ಬಳಿಗೇ ಸಂದವು. ಜೊತೆಗಿದ್ದವರಿಗೆ ಬೇರೆ ಹೆಸರುಗಳು ಬಂದವು. ಕೆಲವು ಖಾಸಗಿ ಭಾವಗಳು ಮರೆಯಾದವು. ಪರಿಷ್ಕೃತ ಪಠ್ಯದ ಆರಂಭದಲ್ಲಿಯೇ ಕುಟುಂಬದ ವಲಸೆ, ಯಹೂದಿಗಳ ಮೇಲಿನ ನಿರ್ಬಂಧಗಳ ಸರಣಿ ಬರುತ್ತವೆ. ಇದು ಮುಗ್ಧೆಯೊಬ್ಬಳ ಟಿಪ್ಪಣಿಯಲ್ಲ. ಸಾಕ್ಷ್ಯ ನುಡಿಯಲು ಹೊರಟ ಬರಹಗಾರ್ತಿಯ ಪ್ರಜ್ಞಾಪೂರ್ವಕ ರಚನೆ. ಪರಿಷ್ಕರಣ 1944ರ ಮಾರ್ಚ್ ಕೊನೆಯ ದಿನಗಳ ಬರಹದವರೆಗೆ ಬಂದು ನಿಂತಿತು. ದಿನಚರಿಯ ಕೊನೆಯ ಬರಹ ಆಗಸ್ಟ್ 1ರದು. ಬಂಧನ ಆಗಸ್ಟ್ 4ರಂದು.

ಬಂಧಿತರನ್ನು ಒಯ್ದ ವೆಸ್ಟರ್‌ಬೋರ್ಕ್ ಶಿಬಿರವನ್ನು ಕಟ್ಟಿಸಿದ್ದು ನಾಜಿಗಳಲ್ಲ. 1939ರಲ್ಲಿ ಡಚ್ ಸರ್ಕಾರ ಜರ್ಮನಿಯಿಂದ ಬಂದ ಯಹೂದಿ ನಿರಾಶ್ರಿತರಿಗೆಂದೇ ಅದನ್ನು ತೆರೆದಿತ್ತು. 1942ರ ಜುಲೈನಲ್ಲಿ ಅದು ಗಡೀಪಾರಿನ ತಂಗುದಾಣವಾಯಿತು. 1944ರ ಸೆಪ್ಟೆಂಬರ್ 3ರಂದು ಅಲ್ಲಿಂದ ಆಷ್‌ವಿಟ್ಜ್‌ಗೆ ಹೊರಟ ಕೊನೆಯ ರೈಲಿನಲ್ಲಿ 1,019 ಮಂದಿಯಿದ್ದರು. ಆ ಪಟ್ಟಿಯಲ್ಲಿ ಫ್ರಾಂಕ್ ಕುಟುಂಬದ ನಾಲ್ವರ ಹೆಸರೂ ಇತ್ತು. ತಾಯಿ 1945ರ ಜನವರಿಯಲ್ಲಿ ಆಷ್‌ವಿಟ್ಜ್‌ನಲ್ಲಿ, ಇಬ್ಬರು ಹೆಣ್ಣುಮಕ್ಕಳು ಮುಂದಿನ ವಾರಗಳಲ್ಲಿ ಬರ್ಗೆನ್-ಬೆಲ್ಸೆನ್‌ನಲ್ಲಿ ತೀರಿಕೊಂಡರು.

ಉಳಿದು ಬಂದವರು ಆಟೊ ಒಬ್ಬರೇ. ನೆರವಾಗಿದ್ದ ಮೀಪ್ ಗೀಸ್ ಕಾಪಾಡಿಟ್ಟಿದ್ದ ಹಾಳೆಗಳನ್ನು ಅವರ ಕೈಗೆ ಕೊಟ್ಟರು. ಮೊದಲ ಬರಹ ಮತ್ತು ಪರಿಷ್ಕೃತ ಬರಹ ಎರಡರಿಂದಲೂ ಆಯ್ದು, ಪತ್ನಿಯ ಬಗೆಗಿನ ಕಟುಮಾತುಗಳನ್ನೂ ಮಗಳ ದೇಹದ ಕುರಿತ ಕೆಲವು ಭಾಗಗಳನ್ನೂ ಬಿಟ್ಟು ಅವರು ಸಿದ್ಧಪಡಿಸಿದ ಮೂರನೆಯ ಪಠ್ಯ 1947ರ ಜೂನ್ 25ರಂದು ಪ್ರಕಟವಾಯಿತು. 1952ರ ಇಂಗ್ಲಿಷ್ ಅನುವಾದಕ್ಕೆ ಮೂಲ ಇದೇ ಸಂಪಾದಿತ ಪಠ್ಯ. ಆಟೊ 1980ರಲ್ಲಿ ತೀರಿಕೊಂಡ ಮೇಲೆ ಹಸ್ತಪ್ರತಿಗಳು ಡಚ್ ಸರ್ಕಾರದ ಯುದ್ಧ ದಾಖಲೆ ಸಂಸ್ಥೆಯನ್ನು ಸೇರಿದವು. ದಿನಚರಿ ಕೃತಕವೆಂಬ ಅಪಪ್ರಚಾರಕ್ಕೆ ಉತ್ತರವಾಗಿ ಶಾಯಿ, ಕಾಗದ, ಕೈಬರಹಗಳ ವೈಜ್ಞಾನಿಕ ಪರೀಕ್ಷೆ ನಡೆಸಿ, ಮೂರೂ ಪಠ್ಯಗಳನ್ನು ಎದುರುಬದುರಾಗಿ ಮುದ್ರಿಸಿದ ವಿಮರ್ಶಾತ್ಮಕ ಆವೃತ್ತಿಯನ್ನು ಆ ಸಂಸ್ಥೆ 1986ರಲ್ಲಿ ಹೊರತಂದಿತು. 1991ರಲ್ಲಿ ಮಿರ್ಯಾಮ್ ಪ್ರೆಸ್ಲರ್ ವಿಸ್ತೃತ ಪಠ್ಯವನ್ನು ಸಿದ್ಧಪಡಿಸಿದರು. 1995ರ ಇಂಗ್ಲಿಷ್ ಅನುವಾದ ಅದನ್ನು ಅನುಸರಿಸಿದೆ. 2018ರಲ್ಲಿ, ಕಂದು ಕಾಗದ ಅಂಟಿಸಿ ಆನ್ ಮುಚ್ಚಿದ್ದ ಎರಡು ಪುಟಗಳನ್ನೂ ಓದಲಾಯಿತು.

ಹೀಗಿರುವಾಗ ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ಯಾವ ಪಠ್ಯ ತಮ್ಮ ಆಕರವೆಂಬುದನ್ನು ಪೀಠಿಕೆಯಲ್ಲಿ ಹೇಳುವುದು ಅಗತ್ಯ. ಗ್ರಂಥಾಲಯಗಳು ಕೃತಿಯನ್ನು ಮಕ್ಕಳ ಸಾಹಿತ್ಯದ ಕಪಾಟಿನಲ್ಲಿಟ್ಟು ಸುಮ್ಮನಾಗುವುದೂ ಸರಿಯಲ್ಲ. ಇನ್ನೊಂದು ಎಚ್ಚರವೂ ಬೇಕು. 1942ರ ಡಿಸೆಂಬರ್‌ನಿಂದ 1943ರ ಡಿಸೆಂಬರ್‌ವರೆಗಿನ ಮೂಲ ದಿನಚರಿಯ ಪುಸ್ತಕಗಳು ದೊರೆತಿಲ್ಲ. ಆ ಒಂದು ವರ್ಷದ ಬದುಕು ಈಗ ಲಭ್ಯವಿರುವುದು ಆನ್ ಮರುವರ್ಷ ಬಿಡಿ ಹಾಳೆಗಳ ಮೇಲೆ ತಿದ್ದಿ ಬರೆದ ರೂಪದಲ್ಲಿ ಮಾತ್ರ. ಹದಿಮೂರರ ಹುಡುಗಿಯ ದನಿಯೆಂದು ಉದ್ಧರಿಸಲಾಗುವ ಎಷ್ಟೋ ಮಾತುಗಳು ಹದಿನೈದರ ಬರಹಗಾರ್ತಿಯವು.